ಕಿವಿಯ ಹಿಂದೆ

ಜ್ವರದ ಐದನೆಯ ದಿನ ಮುಂಜಾನೆ ಮಗಳ ಕಾಲಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದಾಗ ಕಾವೇರಿಗೆ ಆ ಚುಕ್ಕೆಗಳು ಕಂಡವು. ಕಾಲಗಂಟಿನ ಸುತ್ತ, ಮಸುಕು ಕೆಂಪು, ಸಾಸಿವೆ ಕಾಳಿನಷ್ಟು. ಸೊಳ್ಳೆ ಕಡಿದಿರಬೇಕು ಎಂದುಕೊಂಡಳು. ಹಾಗೆಂದುಕೊಳ್ಳುತ್ತಿರುವಾಗಲೇ ಕೈ ತಾನಾಗಿ ಹುಡುಗಿಯ ಪಾದವನ್ನು ಕಿಟಕಿಯ ಬೆಳಕಿಗೆ ತಿರುಗಿಸಿತು. ಅಂಗಾಲಿನಲ್ಲಿಯೂ ಇದ್ದವು. ಬಿಗಿದುಕೊಂಡಿದ್ದ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಂಗೈಯಲ್ಲಿಯೂ ಇದ್ದವು, ಯಾರೋ ಕೆಂಪು ಪೆನ್ನಿನಿಂದ ತಪ್ಪು ಹುಡುಕಿ ಚುಚ್ಚಿ ಚುಚ್ಚಿ ಗುರುತು ಹಾಕಿದಂತೆ. ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದರೂ ಮಾಯವಾಗಲಿಲ್ಲ. ಏಳು ವರ್ಷದ ಪ್ರಿಯದರ್ಶಿನಿ ಕಣ್ಣು ತೆರೆಯದೆಯೇ "ಯವ್ವಾ" ಎಂದು ನರಳಿದಳು, ಗಟ್ಟಿಯಾಗಿಯೇ. ಕಾವೇರಿ ಬೆಚ್ಚಿ ಬಾಗಿಲ ಕಡೆ ನೋಡಿದಳು. ಸಿಂದಗಿಯ ಈ ಬಾಡಿಗೆ ಮನೆಯಲ್ಲಿ ಹುಡುಗಿ ಮಮ್ಮಿ ಎನ್ನುತ್ತಿತ್ತು. ಯವ್ವಾ ಎನ್ನುವುದು ತಾಂಬಾದ ಹತ್ತಿರ ತನ್ನ ಅಪ್ಪನ ಕುರಿದಡ್ಡಿಗೆ ಹೋದಾಗ ಮಾತ್ರ. ಮಗಳ ಮೈ ಬೆಂಕಿಯಾಗಿರುವಾಗ ತನ್ನ ಕಿವಿ ಗೋಡೆಯಾಚೆಯ ಮನೆಯೊಡತಿಯ ಹೆಜ್ಜೆ ಸಪ್ಪಳಕ್ಕೆ ನೆಟ್ಟಿದೆ ಎಂಬುದು ತಿಳಿದಾಗ ಆಕೆಗೆ ತನ್ನ ಕಿವಿಯನ್ನೇ ಹರಿದೊಗೆಯಬೇಕೆನಿಸಿತು.

ಮೈಮೇಲೆ ಏನಾದರೂ ಎದ್ದರೆ ಆ ಗಳಿಗೆಯಲ್ಲೇ ಬರಬೇಕು ಎಂದು ಡಾಕ್ಟರ್ ಮುಬೀನಾ ಹೇಳಿದ್ದರು. ಅದು ಜ್ವರದ ಎರಡನೆಯ ದಿನ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಆ ಮಕ್ಕಳ ದವಾಖಾನೆಯಲ್ಲಿ ಡಾಕ್ಟರರ ಮೇಜಿಗೂ ಕಾಯುವ ಜನಕ್ಕೂ ನಡುವೆ ಒಂದು ಹಸಿರು ಪರದೆ ಇತ್ತು, ಅದನ್ನು ಯಾರೂ ಎಳೆಯುತ್ತಿರಲಿಲ್ಲ. ಕಾವೇರಿಯ ಜೊತೆ ಮನೆಯೊಡತಿ ವಿಜಯಲಕ್ಷ್ಮಿ ಬಂದಿದ್ದಳು. ಬಾ ಎಂದು ಕರೆದಿರಲಿಲ್ಲ. ಗಂಡ ಊರಲ್ಲಿಲ್ಲ, ಒಬ್ಬಳೇ ಹೆಂಗ ಹೋಗ್ತೀರಿ ಟೀಚರ್ರ ಅಂತ ತಾನೇ ಚಪ್ಪಲಿ ಮೆಟ್ಟಿ ಹೊರಟವಳು. ಪ್ರೀತಿಯ ಹೆಂಗಸು. ಡಾಕ್ಟರು ಸ್ಟೆತಾಸ್ಕೋಪು ಇಳಿಸಿ ಕೇಳಿದ್ದರು, "ರಜೆಕ್ಕ ಊರಿಗೆ ಏನರ ಹೋಗಿತ್ತೇನು ಹುಡುಗಿ? ಕುರಿ, ದನ, ನಾಯಿ ಹತ್ರ ಆಡಿತ್ತೇನು? ಉಣ್ಣಿ ಕಡದದ್ದು ನೋಡೀರೇನು?" ಕಾವೇರಿ ಬಾಯಿ ತೆರೆಯುವ ಮೊದಲೇ ವಿಜಯಲಕ್ಷ್ಮಿ ನಕ್ಕಳು. "ಅಯ್ಯ, ಇವರಿಗೆಲ್ಲಿ ಕುರಿ ಬರ್ತಾವ್ರಿ ಡಾಕ್ಟರ! ಇವರು ನಮ್ಮ ಪೈಕಿ." ಡಾಕ್ಟರು ಆ ನಗೆಯನ್ನು ಕಿವಿಗೆ ಹಾಕಿಕೊಳ್ಳದೆ ಕಾವೇರಿಯ ಮುಖವನ್ನೇ ನೋಡುತ್ತ ಕಾದರು. ಪೂರ್ತಿ ಎರಡು ಉಸಿರಿನಷ್ಟು ಹೊತ್ತು ಕಾದರು. ಕಾವೇರಿ, "ಇಲ್ರಿ" ಎಂದಳು.

ತಾನು ನಿಮ್ಮ ಪೈಕಿ ಎಂದು ಕಾವೇರಿ ಯಾವತ್ತೂ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಮನೆ ಕೇಳಲು ಬಂದಾಗ ವಿಜಯಲಕ್ಷ್ಮಿ ಚಹಾ ಕೊಟ್ಟು, ಊರು ಯಾವುದು, ತಂದೆಯ ಹೆಸರೇನು ಎಂದು ಕೇಳಿದ್ದಳು. ಗುರಲಿಂಗಪ್ಪ ಎಂದೊಡನೆ ಆಕೆಯ ಮುಖ ಅರಳಿತ್ತು. ಆ ಹೆಸರಿನ ಮೇಲೆ ತಾನೇ ವಿಭೂತಿ ಹಚ್ಚಿ, ತಾನೇ ಒಂದು ಮನೆತನ ಕಟ್ಟಿ, ತಾನೇ ಒಪ್ಪಿಕೊಂಡು, "ಮತ್ತ ಛಲೋ ಆತು ಬಿಡ್ರಿ, ಖಂಡ ಗಿಂಡ, ಅಡ್ಡತಿಡ್ಡ ತಿನ್ನೋರಿಗೆ ನಾವು ಮನಿ ಕೊಡಂಗಿಲ್ಲ" ಎಂದಿದ್ದಳು. ಅದಕ್ಕೂ ಮೊದಲು ನಾಲ್ಕು ಮನೆಗಳ ಬಾಗಿಲು ನೋಡಿ ಬಂದಿದ್ದ ಕಾವೇರಿ ಚಹಾದ ಬಟ್ಟಲನ್ನು ನೋಡುತ್ತ ಸುಮ್ಮನಿದ್ದಳು. ಇಂಡಿ ಡಿಪೋದಲ್ಲಿ ಬಸ್ ಕಂಡಕ್ಟರನಾಗಿರುವ ಗಂಡ ಮುತ್ತು, "ನಾವೇನ ಸುಳ್ಳ ಹೇಳಿಲ್ಲಲ್ಲ, ಆಕಿನ ತಿಳಕೊಂಡಾಳ" ಎಂದು ಸಮಾಧಾನ ಹೇಳಿದ್ದ. ಬಾಯಿ ಮುಚ್ಚಿಕೊಂಡಿರುವುದು ಸುಳ್ಳಲ್ಲ ಎಂಬ ಆ ಸಮಾಧಾನದ ಮೇಲೆ ಎರಡು ವರ್ಷ ಹಾಸಿಗೆ ಹಾಸಿ ಮಲಗಿದ್ದರು. ಅಪ್ಪ ಒಮ್ಮೆ ಮೊಮ್ಮಗಳನ್ನು ನೋಡಲು ಬರುತ್ತೇನೆ ಎಂದಾಗ, ಬ್ಯಾಡ, ನಾವೇ ಬರ್ತೇವಿ ಎಂದಿದ್ದಳು. ಆತ ಯಾಕೆ ಎಂದು ಕೇಳಿರಲಿಲ್ಲ. ಕೇಳದಿದ್ದದ್ದೇ ಈಗ ಹೆಚ್ಚು ಚುಚ್ಚುತ್ತಿತ್ತು.

"ಟೀಚರ್ರ, ಕೂಸು ಹೆಂಗೈತಿ?" ಎನ್ನುತ್ತ ವಿಜಯಲಕ್ಷ್ಮಿ ಒಳಗೆ ಬಂದಳು. ಕಾವೇರಿ ಹುಡುಗಿಯ ಕಾಲಿನ ಮೇಲೆ ಸರಕ್ಕನೆ ಚಾದರ ಎಳೆದಳು. ಆದರೆ ಚುಕ್ಕೆಗಳು ಮುಂಗೈಗೂ ಏರಿದ್ದವು. ವಿಜಯಲಕ್ಷ್ಮಿ ಬಗ್ಗಿ ನೋಡಿ, ಎರಡೂ ಕೈ ಜೋಡಿಸಿ ಕಣ್ಣಿಗೆ ಒತ್ತಿಕೊಂಡಳು. "ಗೊಬ್ಬರ ಎದ್ದಾವ. ಅವ್ವ ಬಂದಾಳ ಮನಿಗೆ. ಇನ್ನ ಅಂಜಬ್ಯಾಡ್ರಿ, ಹೊರಗ ಬಿದ್ದಮ್ಯಾಲ ಜ್ವರ ತಾನ ಇಳಿತೈತಿ. ಸೂಜಿ ಗೀಜಿ ಏನೂ ಮಾಡಸಬ್ಯಾಡ್ರಿ, ಸಿಟ್ಟಿಗೇಳ್ತಾಳ. ಹೊಸ್ತಿಲಾ ದಾಟಸಬ್ಯಾಡ್ರಿ ಕೂಸಿನ್ನ."

"ಡಾಕ್ಟರು ಬಾ ಅಂದಿದ್ರು..."

"ಡಾಕ್ಟರಿಗೇನ ಗೊತ್ತ? ನನ್ನ ಮೂರೂ ಮಕ್ಕಳಿಗೆ ಎದ್ದಿದ್ದೂ. ಬೇವಿನ ಟೊಂಗಿ ತರ್ತೇನಿ ತಡೀರಿ."

ಆಕೆ ಹೋದಳು. ಮತ್ತು ಕಾವೇರಿಯ ಎದೆಯಲ್ಲಿ, ನಾಚಿಕೆಯಾಗಬೇಕಾದ ಜಾಗದಲ್ಲಿ, ಒಂದು ತಣ್ಣನೆಯ ಹಗುರ ಹರಡಿತು. ಗೊಬ್ಬರವಾದರೆ, ಎಂದರೆ ದಡಾರವಾದರೆ, ಎಲ್ಲ ಮಕ್ಕಳಿಗೂ ಬರುವುದು. ಅದಕ್ಕೆ ಕುರಿ ಬೇಡ, ದಡ್ಡಿ ಬೇಡ, ಅಪ್ಪ ಬೇಡ. ಗೊಬ್ಬರವಾದರೆ ಆ ಇಲ್ರಿ ಅಲ್ಲಿಯೇ ಯಾರಿಗೂ ಕಾಣದಂತೆ ಹೂತುಹೋಗುತ್ತದೆ. ಗೊಬ್ಬರಕ್ಕೆ ಚಿಕ್ಕಂದಿನಲ್ಲೇ ಲಸಿಕೆ ಹಾಕಿಸಿದ ಕಾರ್ಡು ಟ್ರಂಕಿನಲ್ಲಿದೆ ಎಂಬುದು ಆಕೆಗೆ ನೆನಪಿತ್ತು. ಶಾಲೆಯಲ್ಲಿ ಪ್ರತಿವರ್ಷ ಮಕ್ಕಳ ಕಾರ್ಡು ತಂದು ತೋರಿಸಿರೆಂದು ತಾಯಂದಿರಿಗೆ ಗದರುವವಳು ಆಕೆಯೇ. ಆದರೂ ಕುಳಿತಳು. ವಿಜಯಲಕ್ಷ್ಮಿ ತಂದ ಬೇವಿನ ಎಲೆಗಳನ್ನು ಹುಡುಗಿಯ ತಲೆದಿಂಬಿನ ಸುತ್ತ ಹರವಿದಳು, ಬಾಗಿಲಿಗೆ ಟೊಂಗೆ ಸಿಕ್ಕಿಸಿದಳು, ಗಡಿಯಾರ ಎಂಟೂವರೆಯಿಂದ ಹತ್ತಕ್ಕೆ ಬಂತು. ಆ ಒಂದೂವರೆ ತಾಸನ್ನು ಆಕೆ ಮುಂದೆ ಯಾವತ್ತೂ ಯಾರಿಗೂ ಹೇಳಲಾರಳು.

ಬೇವಿನ ಕಹಿ ವಾಸನೆಗೆ ಮಗು ತಲೆ ಹೊರಳಿಸಿತು. ಕೂದಲು ಸರಿದು ಎಡಗಿವಿಯ ಹಿಂದೆ ಅದು ಕಂಡಿತು. ಕಪ್ಪು ಹೊಪ್ಪಳೆ. ಬೀಡಿ ಚುಚ್ಚಿ ಸುಟ್ಟಂಥ ಗುರುತು, ಸುತ್ತ ಕೆಂಪು ಉಂಗುರ. ಕಾವೇರಿಗೆ ಅದು ಹೊಸದಲ್ಲ. ದಡ್ಡಿಯಿಂದ ಮರಳಿದ ಮರುದಿನ ತಲೆ ಬಾಚುವಾಗ ಅಲ್ಲಿ ಉಣ್ಣಿ ಕಚ್ಚಿಕೊಂಡಿತ್ತು, ಹೊಟ್ಟೆ ತುಂಬ ಕುಡಿದು ಹೆಸರುಕಾಳಿನಷ್ಟು ಉಬ್ಬಿ. ಆಕೆ ಉಗುರಿನಿಂದ ಅದನ್ನು ಕಿತ್ತು, ವಿಜಯಲಕ್ಷ್ಮಿ ಅಂಗಳದಲ್ಲಿದ್ದಾಳೆಂದು, ಹುಡುಗಿ ಅಳಬಾರದೆಂದು ಬಾಯಿಗೆ ಕೈ ಹಿಡಿದು, ಎರಡು ಹೆಬ್ಬೆರಳ ನಡುವೆ ಒತ್ತಿ ಟಪ್ಪೆನಿಸಿ ಬಚ್ಚಲಿಗೆ ನೀರು ಹೊಯ್ದಿದ್ದಳು. ಅದೇ ಟಪ್ಪೆನಿಸುವುದನ್ನು ಮೇ ತಿಂಗಳಲ್ಲಿ ಮಗಳಿಗೆ ಕಲಿಸಿದವಳೂ ಆಕೆಯೇ. ದಡ್ಡಿಯಲ್ಲಿ ಮಕ್ಕಳ ಕೆಲಸ ಅದು: ಸಂಜೆ ಕುರಿ ಬಂದ ಮೇಲೆ ಮರಿಗಳ ಕಿವಿ ಮಗುಚಿ ಉಣ್ಣಿ ಆರಿಸುವುದು. ಸಣ್ಣ ಬೆರಳಿಗೆ ಕುರಿ ಮೈ ಕೊಡುತ್ತದೆ, ದೊಡ್ಡವರ ಕೈಗೆ ಕೊಡುವುದಿಲ್ಲ. ಕಾವೇರಿಯ ಅವ್ವ ರಾಮವ್ವ ಒಂದು ಡಬರಿಯಲ್ಲಿ ಸೀಮೆಎಣ್ಣೆ ಇಟ್ಟು, ಅದರಲ್ಲಿ ಹಾಕು ಬಂಗಾರಾ ಎಂದರೂ, ಕಾವೇರಿ ತನ್ನ ಚಿಕ್ಕಂದಿನ ಕೈಚಳಕ ನೆನಪಾಗಿ, ಹಿಂಗ ನೋಡು, ಉಗುರ ಮ್ಯಾಲ ಇಟ್ಟು ಒತ್ತಬೇಕು, ಎಂದು ತೋರಿಸಿದ್ದಳು. ಹುಡುಗಿ ಕಿಲಕಿಲ ನಕ್ಕಿತ್ತು. ಸಿಂದಗಿಯಲ್ಲಿ ಮಗಳಿಂದ ಬಚ್ಚಿಡುವ ಎಲ್ಲವನ್ನೂ ಅಲ್ಲಿ ಹತ್ತು ದಿನಗಳಲ್ಲಿ ಸುರಿದುಬಿಡಬೇಕು ಎಂಬ ಹಸಿವಿತ್ತು ಆಕೆಗೆ. ಆಮೇಲೆ ಜ್ವರ. ಆಮೇಲೆ ದವಾಖಾನೆಗೆ ಹೊರಡುವ ಮುನ್ನ, ದಿನವೂ ಎರಡು ಜಡೆ ಬಿಗಿದು ಹೆಣೆಯುವವಳು, ಆ ದಿನ ಕೂದಲು ಕಿವಿಯ ಮೇಲೆ ಇಳಿಬೀಳುವಂತೆ ಒಂದೇ ಸಡಿಲ ಜಡೆ ಹಾಕಿದ್ದಳು. ಮರೆತಿದ್ದಲ್ಲ. ಕೈಗೆ ಗೊತ್ತಿತ್ತು. ಕನ್ನಡಿ ಮುಂದೆ ನಿಂತು ಎರಡು ಸಲ ತಿರುಗಿಸಿ ನೋಡಿ, ಕಾಣುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಹೊರಟಿದ್ದಳು.

ಫೋನು ಬಡಿದುಕೊಂಡಿತು. ಅಪ್ಪ. ಹಿಂದೆ ಕುರಿಗಳ ಒದರಾಟ, ಗಾಳಿ.

"ಕಾವೇರವ್ವಾ, ಕೂಸಿಗೆ ಜ್ವರ ಬಿಟ್ಟೂ?"

"ಬಿಡತಾವ ಯಪ್ಪಾ."

"ನೀ ಅವತ್ತ ಫೋನಿನ್ಯಾಗ ಅಂದ ಉಣ್ಣಿ ಕಡದದ್ದು ಡಾಕ್ಟರಿಗೆ ಹೇಳೀದಿಲ್ಲ?"

"ಹೂಂ, ಹೇಳೇನಿ."

"ಹೇಳಿದ್ರ ಆತು ಬಿಡು. ನೀ ಕಲತಾಕಿ, ನಿನ್ನ ಮಾತು ಕೇಳ್ತಾರ." ಆತ ಯಾವುದೋ ಕುರಿಯನ್ನು ಗದರಿಸಿ, "ಸಂಗೂನ ಕೂಸಿಗೆ ಆರನೇ ದಿನಕ್ಕ ಎಚ್ಚರ ತಪ್ಪಿತ್ತು ನೋಡು. ಅದಕ್ಕ ಕೇಳಿದೆ" ಎಂದ.

ಸಂಗು ಕಾವೇರಿಯ ಚಿಕ್ಕಪ್ಪನ ಮಗ. ಹೋದ ವರ್ಷ ಮೂರು ವರ್ಷದ ಮಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಒಂದು ದವಾಖಾನೆಯಿಂದ ಇನ್ನೊಂದಕ್ಕೆ ಅಲೆದಿದ್ದ. ಅವನು ಬಚ್ಚಿಟ್ಟಿರಲಿಲ್ಲ. ಚೀಟಿ ಬರೆಯುವವನಿಂದ ಹಿಡಿದು ಎಲ್ಲರಿಗೂ, ಉಣ್ಣಿ ಕಡದೈತ್ರಿ, ನಮ್ಮ ಕೂಸಿಗೆ ಉಣ್ಣಿ ಕಡದೈತ್ರಿ ಎಂದು ಹೇಳಿಕೊಂಡೇ ತಿರುಗಿದ್ದ. ದೂರ ನಿಂತು ಮಾತಾಡು ಎಂದಿದ್ದರು ಅವನಿಗೆ. ಅವನ ಕಂಬಳಿಯ ವಾಸನೆ ಅವನಿಗಿಂತ ಮೊದಲು ಒಳಗೆ ಹೋಗಿ, ಅವನ ಮಾತು ಒಳಗೆ ಹೋಗದಂತೆ ಬಾಗಿಲು ಹಾಕಿತ್ತು. ಎಂಟನೆಯ ದಿನ ಅದೇ ಕಂಬಳಿಯಲ್ಲಿ ಉಸಿರಿಲ್ಲದ ಮಗುವನ್ನು ಹೊತ್ತು ತಾಂಬಾಕ್ಕೆ ಮರಳಿದ. ಹೇಳಿದವನ ಮಾತು ಯಾರಿಗೂ ಬೇಕಾಗಿರಲಿಲ್ಲ. ಇಲ್ಲಿ ಒಬ್ಬ ಡಾಕ್ಟರು ಕುರ್ಚಿ ಕೊಟ್ಟು, ಕೂತುಕೊಳ್ಳಿ ಟೀಚರ್ ಎಂದು, ಬಾಯಿ ಬಿಟ್ಟು ಕೇಳಿದ್ದರು. ಎರಡು ಉಸಿರು ಕಾದಿದ್ದರು. ಸಂಗುವಿಗೆ ಸಿಗದ ಆ ಎರಡು ಉಸಿರನ್ನು, ಇಸ್ತ್ರಿ ಸೀರೆಯುಟ್ಟು ಕೂತ ತಾನು, ಒಂದು ಬಾಡಿಗೆ ಮನೆಗೆ ಕೊಟ್ಟುಬಿಟ್ಟಿದ್ದಳು. ಫೋನು ಇಟ್ಟಾಗ ಲೆಕ್ಕ ಹಾಕಲು ಬೇರೇನೂ ಬೇಕಿರಲಿಲ್ಲ. ನಾಳೆ ಆರನೆಯ ದಿನ.

ಕಾವೇರಿ ಬೇವಿನೆಲೆಗಳನ್ನು ಕೈಯಿಂದ ಸರಿಸಿ ಹುಡುಗಿಯನ್ನು ಎತ್ತಿಕೊಂಡಳು. ತಲೆ ಹೆಗಲಿನ ಮೇಲೆ ನಿಲ್ಲದೆ ಹಿಂದಕ್ಕೆ ಜೋತಿತು. ವಿಜಯಲಕ್ಷ್ಮಿ ಅಂಗಳದಲ್ಲಿ ಅಡ್ಡ ನಿಂತಳು. "ಏನ ಮಾಡಾಕತ್ತೀರಿ? ಅವ್ವನ್ನ ಹೊರಗ ಒಯ್ತೀರಿ? ನಾಳೆ ಹೆಚ್ಚುಕಮ್ಮಿ ಆದ್ರ ನನ್ನ ಮನ್ಯಾಗ ಆತು ಅಂತಾರ ಮಂದಿ!"

"ದಾರಿ ಬಿಡ್ರಿ ಅಕ್ಕಾರ."

"ಓದಿದವರಿಗೆ ಹೇಳೂದ ಕಷ್ಟ ನೋಡ್ರಿ," ಎಂದು ಬೈಯುತ್ತಲೇ ಆಕೆ ಓಡಿಹೋಗಿ ಆಟೋ ನಿಲ್ಲಿಸಿದಳು, ಬೈಯುತ್ತಲೇ ತಾನೂ ಹತ್ತಿ ಕುಳಿತಳು, ಬೈಯುತ್ತಲೇ ಹುಡುಗಿಯನ್ನು ತನ್ನ ತೊಡೆಯ ಮೇಲೆಳೆದುಕೊಂಡು ಮುಖಕ್ಕೆ ಧೂಳು ಬೀಳದಂತೆ ಸೆರಗು ಮರೆ ಮಾಡಿದಳು. ಜೂನ್ ಮೊದಲ ವಾರ. ಮೋಡ ಕವಿದರೂ ಮಳೆಯಿಲ್ಲದ ಸೆಕೆ. ಈ ಪ್ರೀತಿ ಯಾರಿಗೆ ಸಲ್ಲುತ್ತಿದೆ ಎಂದು ಕಾವೇರಿ ನೋಡುತ್ತಿದ್ದಳು. ಗುರಲಿಂಗಪ್ಪ ಎಂಬ ಹೆಸರಿನ, ಎಲ್ಲಿಯೂ ಇರದ ಒಬ್ಬ ಗೌಡರ ಮೊಮ್ಮಗಳಿಗೆ. ಹೋದ ಬೇಸಿಗೆಯಲ್ಲಿ ಇದೇ ಹೆಂಗಸು ತಮ್ಮ ಹೊಲದಲ್ಲಿ ರಾತ್ರಿ ಕುರಿಹಿಂಡು ತರುಬಿಸಿ, ನಿಲ್ಲಿಸಿಕೊಂಡು ಬಂದು, "ಹೊಲದ ಗೊಬ್ಬರಕ್ಕ ಬೇಕ್ರಿ, ಆದ್ರ ಆ ಮಂದಿ ಹೋದ ಎಂಟು ದಿನ ಮೂಗಿನ್ಯಾಗಿಂದ ನಾತ ಹೋಗಂಗಿಲ್ಲ" ಎಂದಾಗ ಕಾವೇರಿ ನಕ್ಕಿದ್ದಳು. ಹೌದು, ನಕ್ಕಿದ್ದಳು.

ದವಾಖಾನೆ ತುಂಬಿತ್ತು. ಬೆಂಚಿನ ಮೇಲೆ, ಗೋಡೆಗೆ, ಮೆಟ್ಟಿಲ ಮೇಲೆ ಜನ. ಹುಡುಗಿಯ ಜೋತ ತಲೆ ನೋಡಿ ನರ್ಸು ನೇರ ಒಳಗೆ ಬಿಟ್ಟಳು. ವಿಜಯಲಕ್ಷ್ಮಿ ಹುಡುಗಿಯೊಂದಿಗೆ ರೋಗಿಯ ಸ್ಟೂಲಿನ ಮೇಲೆ ಕುಳಿತು, ಬೆನ್ನು ಸವರುತ್ತ, "ಗೊಬ್ಬರ ಎದ್ದಾವ್ರಿ ಡಾಕ್ಟರ, ಬ್ಯಾಡ ಅಂದ್ರೂ ಕೇಳಲಿಲ್ಲ" ಎಂದಳು. ಡಾಕ್ಟರ್ ಮುಬೀನಾ ಅಂಗೈ ನೋಡಿದರು, ಅಂಗಾಲು ನೋಡಿದರು, ಕಣ್ಣಿನ ಕೆಳಗಿನ ಬಾವು ಒತ್ತಿ ನೋಡಿದರು. ಅವರ ಹುಬ್ಬು ಗಂಟಾಯಿತು. "ಇದು ಗೊಬ್ಬರ ಅಲ್ಲ. ಡೆಂಗೀನೂ ಇರಬಹುದು, ಬ್ಯಾರೇನೂ ಇರಬಹುದು. ಬ್ಯಾರೆ ಎಲ್ಲ ಟೆಸ್ಟ್..."

ಪರದೆ ಎಳೆದಿರಲಿಲ್ಲ. ಹಿಂದೆ ಬೆಂಚಿನ ಮೇಲೆ ತನ್ನ ಶಾಲೆಯ ಇಬ್ಬರು ಮಕ್ಕಳ ತಾಯಂದಿರಿದ್ದರು. ಕಾವೇರಿಯ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಮಾತಾಡಲಾಗದೆ ಆಕೆ ಕೈ ಚಾಚಿ, ಮಗಳ ಕೂದಲು ಎತ್ತಿ, ಕಿವಿಯನ್ನು ಮುಂದಕ್ಕೆ ಮಡಚಿ ಹಿಡಿದಳು. ಮರಿಯ ಕಿವಿ ಮಗುಚಿದ ಹಾಗೆ.

ಡಾಕ್ಟರು ಬಗ್ಗಿದರು. "ಇದು ಯಾವಾಗಿಂದ ಐತಿ?"

"ಹನ್ನೊಂದು ದಿನ ಆತ್ರಿ. ಉಣ್ಣಿ ಕಡದಿತ್ತು. ನಾನ ಕಿತ್ತೆ."

"ಮೊನ್ನೆ ನಾ ಕೇಳಿದ್ದೆ."

"ಕೇಳಿದ್ರಿ."

"ಇಲ್ಲ ಅಂದ್ರಿ."

"ಅಂದೆ ರೀ. ನಮ್ಮಪ್ಪ ಕುರಿ ಕಾಯ್ತಾನ್ರಿ. ತಾಂಬಾದ ಹತ್ರ ನಮ್ಮ ದಡ್ಡಿ ಐತಿ. ರಜೆದಾಗ ಅಲ್ಲೇ ಇದ್ವಿ, ಈಕಿ ದಿನಾ ಕುರಿ ಕಿವ್ಯಾಗಿನ ಉಣ್ಣಿ ಆರಸತಿದ್ಲು. ನಾವು ಕುರುಬರು."

ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ. ಅದು ಉಳಿದವುಗಳ ಹಿಂದೆಯೇ, ದಡ್ಡಿಯ ಬಾಗಿಲು ತೆಗೆದಾಗ ಒಂದರ ಹಿಂದೊಂದು ಕುರಿ ನುಗ್ಗುವ ಹಾಗೆ, ತಾನಾಗಿ ಹೊರಬಿತ್ತು. ವಿಜಯಲಕ್ಷ್ಮಿಯ ಕೈ ಹುಡುಗಿಯ ಬೆನ್ನಿನ ಮೇಲೆ ನಿಂತುಹೋಯಿತು. ತೆಗೆಯಲಿಲ್ಲ, ಸವರಲೂ ಇಲ್ಲ.

"ನಾ ನಿಮ್ಮ ಜಾತಿ ಕೇಳಿರಲಿಲ್ಲ ಟೀಚರ್," ಡಾಕ್ಟರ್ ಮುಬೀನಾ ಮೆಲ್ಲನೆ ಹೇಳಿದರು, ಅದಕ್ಕೇ ಹೆಚ್ಚು ಉರಿಯಿತು. "ಉಣ್ಣಿ ಕೇಳಿದ್ದೆ."

ಈ ಊರಲ್ಲಿ ಅವೆರಡೂ ಒಂದೇ ಪ್ರಶ್ನೆ ಡಾಕ್ಟರ, ನಿಮ್ಮ ಹೆಸರು ಹೇಳಿ ಬಾಡಿಗೆ ಮನೆ ಕೇಳಲು ಹೋಗಿದ್ದರೆ ನಿಮಗೂ ಗೊತ್ತಿರುತ್ತದೆ, ಎಂದು ಕಾವೇರಿ ಒಳಗೇ ಕೂಗಿದಳು. ಆದರೆ ಅದು ನಿಜವಾದರೂ ಆ ಮೂರು ದಿನಗಳನ್ನು ಅದು ವಾಪಸು ತರುವುದಿಲ್ಲ. ನನಗೂ ಗೊತ್ತು ಎಂಬಂಥದ್ದೊಂದು ಡಾಕ್ಟರರ ಕಣ್ಣಿನಲ್ಲಿ ಸುಳಿದು ಮಾಯವಾಗಿದ್ದರೂ ಆಗಿರಬಹುದು. ಅಷ್ಟರಲ್ಲಿ ಅವರು ಬರೆಯತೊಡಗಿದ್ದರು. "ಉಣ್ಣಿ ಜ್ವರಾನ ಇರಬೇಕು. ರಕ್ತ ವಿಜಯಪುರಕ್ಕ ಕಳಸ್ತೇನಿ, ರಿಪೋರ್ಟ ಬರಾಕ ಎರಡು ದಿನ. ಅಲ್ಲಿತನಕ ಕಾಯೂದಿಲ್ಲ. ಇದಕ್ಕ ಔಷಧ ಐತಿ, ಛಲೋ ಔಷಧ, ಜಲ್ದಿ ಕೊಡಬೇಕಷ್ಟ. ಈಗಿಂದೀಗ ಗುಳಿಗಿ ಚಾಲೂ. ಇಲ್ಲೇ ಅಡ್ಮಿಟ್ ಮಾಡ್ರಿ. ಸಿಸ್ಟರ್, ಜಾಗಾ ಮಾಡ್ರಿ." ಮತ್ತೆ ತಲೆಯೆತ್ತಿ, "ದಡ್ಡ್ಯಾಗ ಇನ್ನೂ ಹುಡುಗ್ರು ಅದಾರೇನು?"

"ಐದು ಮಂದಿ ಅದಾರ್ರಿ."

"ಯಾರಿಗರ ಜ್ವರ ಬಂದ್ರ ಅವತ್ತ ಇಲ್ಲಿ ಕಳಸ್ರಿ. ನನ್ನ ಹೆಸರು ಹೇಳಾಕ ಹೇಳ್ರಿ. ಉಣ್ಣಿ ಉಗುರಿಂದ ಒಡಿಬ್ಯಾಡ್ರಿ ಅಂತನೂ ಹೇಳ್ರಿ."

ವಿಜಯಲಕ್ಷ್ಮಿ ಎದ್ದು ಹುಡುಗಿಯನ್ನು ಕಾವೇರಿಯ ತೋಳಿಗೆ ಸರಿಸಿದಳು. ಮುಖ ನೋಡಲಿಲ್ಲ. "ಮನಿ ಕೀಲಿ ಹಾಕಿಲ್ಲ," ಎಂದು ಗೋಡೆಗೆ ಹೇಳಿದಂತೆ ಹೇಳಿ ಹೊರಟುಹೋದಳು.

ಗುಳಿಗೆಯನ್ನು ಪುಡಿಮಾಡಿ ಚಮಚೆಯಲ್ಲಿ ಕಲಸಿ ಕೊಟ್ಟರು. ಅರ್ಧ ತಾಸು ಹೊಟ್ಟೆಯಲ್ಲಿ ನಿಲ್ಲಬೇಕು ಎಂದಳು ನರ್ಸು. ಹನ್ನೆರಡನೆಯ ನಿಮಿಷಕ್ಕೆ ಹುಡುಗಿ ಎಲ್ಲವನ್ನೂ ಕಾವೇರಿಯ ಮಡಿಲಿಗೆ ಕಾರಿತು. ಮತ್ತೆ ಕೊಟ್ಟರು. ಕಾವೇರಿ ಗಡಿಯಾರದ ಮುಳ್ಳನ್ನು ನೋಡುತ್ತ, ಮಗುವಿನ ಗಂಟಲಿನ ಪ್ರತಿಯೊಂದು ಅಲುಗಾಟಕ್ಕೂ ಬೊಗಸೆಯೊಡ್ಡುತ್ತ ಕುಳಿತಳು. ಹದಿಮೂರು. ಹದಿನಾಲ್ಕು. ಮುತ್ತು ಫೋನು ಮಾಡಿದ, ಪುಣೆಯ ಬಸ್‌ಸ್ಟ್ಯಾಂಡಿನ ಗದ್ದಲದೊಳಗಿಂದ. "ಎಲ್ಲಾ ಹೇಳಿಬಿಟ್ಟೆ" ಎಂದಳು. ಆತ ಯಾವುದನ್ನು ಎಂದು ಕೇಳಲಿಲ್ಲ. "ನಾ ಡ್ಯೂಟಿ ಬಿಟ್ಟ ಬರ್ತೇನಿ" ಎಂದ. ಇಪ್ಪತ್ತೊಂಬತ್ತು. ಮೂವತ್ತು. ಮೂವತ್ತೊಂದಕ್ಕೆ ಆಕೆಗೆ ಅಳು ಬಂತು, ಬಾಯಿಗೆ ಸೆರಗು ತುರುಕಿಕೊಂಡಳು.

ಆರನೆಯ ದಿನ ಹುಡುಗಿ ಎಚ್ಚರ ತಪ್ಪಲಿಲ್ಲ. ಹಾಗಂತ ಜ್ವರವೂ ಇಳಿಯಲಿಲ್ಲ. ಮುತ್ತು ಬಂದು ಹಾಸಿಗೆಯ ತುದಿಯಲ್ಲಿ ಖಾಕಿ ಅಂಗಿಯಲ್ಲೇ ಕುಳಿತ. ಏಳನೆಯ ದಿನ ಮುಂಜಾನೆ ಕಾವೇರಿ ಮಗಳ ಹಣೆ ಮುಟ್ಟಿ, ಕೈ ತಪ್ಪಿತೇನೋ ಎಂದು ಕುತ್ತಿಗೆ ಮುಟ್ಟಿದಳು, ಆಮೇಲೆ ಎದೆ. ಬೆವರು. ಥರ್ಮಾಮೀಟರು ತೊಂಬತ್ತೊಂಬತ್ತು ತೋರಿಸಿತು. ನಂಬದೆ ಇನ್ನೊಮ್ಮೆ ಇಡಿಸಿದಳು. ಡಾಕ್ಟರು ರಿಪೋರ್ಟನ್ನು ಬೆರಳಿನಿಂದ ತಟ್ಟಿ, "ಅದೇ ಐತಿ. ಇನ್ನ ಗುಳಿಗಿ ತಪ್ಪಸಬ್ಯಾಡ್ರಿ" ಎಂದು ಮುಂದಿನ ಹಾಸಿಗೆಗೆ ಹೋದರು. ಹುಡುಗಿ ಕಣ್ಣು ತೆರೆದು ಛಾವಣಿ ನೋಡಿ, "ಹಸಿವ್ಯಾಗೇತಿ" ಎಂದಿತು, ಸಿಟ್ಟಿನಿಂದ, ಇಷ್ಟು ದಿನ ಯಾರೋ ಬೇಕಂತಲೇ ಉಪವಾಸ ಕೆಡವಿದಂತೆ. ಮುತ್ತು ಔಷಧದ ಚೀಟಿ ಹಿಡಿದು ಹೊರಗೆ ಹೋದ.

ಆಗ ಬಾಗಿಲಲ್ಲಿ ವಿಜಯಲಕ್ಷ್ಮಿ ನಿಂತಿದ್ದಳು. ಕೈಯಲ್ಲಿ ಸ್ಟೀಲಿನ ಡಬ್ಬಿ.

"ಹೆಂಗದಾಳ?"

"ಜ್ವರ ಇಳದಾವ್ರಿ."

ಆಕೆ ಒಳಗೆ ಬಂದು ಡಬ್ಬಿಯನ್ನು ಕಾವೇರಿಯ ಕೈಗೆ ಕೊಡದೆ ಕಿಟಕಿಯ ಕಟ್ಟೆಯ ಮೇಲಿಟ್ಟಳು. "ನುಚ್ಚು ಮಾಡೇನಿ. ಮಜ್ಜಿಗಿ ಹಾಕೇನಿ, ಹುಳಿ ಇಲ್ಲ. ಉಣಸ್ರಿ." ಹೇಳಿ, ಗೋಡೆಗೆ ಒರಗಿ ನಿಂತಳು. ಕಾವೇರಿ ಉಣಿಸಿದಳು. ಹುಡುಗಿ ಬಾಯಿ ತೆರೆಯುವುದನ್ನು ವಿಜಯಲಕ್ಷ್ಮಿ ತನ್ನ ತುಟಿಯನ್ನೂ ಸ್ವಲ್ಪ ತೆರೆಯುತ್ತ ನೋಡುತ್ತಿದ್ದಳು; ಒಂದು ತುತ್ತು ಗಲ್ಲದ ಮೇಲಿಳಿದಾಗ ಆಕೆಯ ಕೈ ಸೆರಗಿಗೆ ಹೋಯಿತು, ಅಲ್ಲಿಯೇ ನಿಂತಿತು. ಡಬ್ಬಿ ತಳ ಕಂಡಾಗ ಆಕೆ ಗೋಡೆ ಬಿಟ್ಟು ಸರಿದಳು. "ಹೋಗ್ತೇನಿ. ಡಬ್ಬಿ ವಾಪಸ್ ಕೊಡೂದ ಬ್ಯಾಡ್ರಿ. ಮನ್ಯಾಗ ಭಾಳ ಅದಾವ. ನೀವ ಇಟ್ಕೊಳ್ರಿ."

ಎಷ್ಟು ಮೆತ್ತಗೆ ಹೇಳಿದಳು ಎಂದರೆ, ಇವರು ಉಂಡ ಡಬ್ಬಿ ತನ್ನ ಅಡುಗೆಮನೆಗೆ ಬೇಡ ಎಂಬುದನ್ನು ದಾನ ಎಂದು ತಿಳಿದುಕೊಳ್ಳಬಹುದಿತ್ತು. ಮತ್ತೊಮ್ಮೆ ಹಾಗೇ ತಿಳಿದುಕೊಂಡು, ಬಟ್ಟಲು ನೋಡುತ್ತ ಸುಮ್ಮನಿರಬಹುದಿತ್ತು. ಕಾವೇರಿ ಎದ್ದಳು. ಮೂಲೆಯ ನಳಕ್ಕೆ ಹೋಗಿ ಡಬ್ಬಿಯನ್ನು ತೊಳೆದಳು, ಮುಚ್ಚಳ ತೊಳೆದಳು, ಇನ್ನೊಮ್ಮೆ ತೊಳೆದಳು. ವಿಜಯಲಕ್ಷ್ಮಿ ಆಗಲೇ ಹೊರಗಿನ ಮೆಟ್ಟಿಲು ಇಳಿಯುತ್ತಿದ್ದಳು. ಕಾವೇರಿ ಬೆಂಚುಗಳ ನಡುವೆ, ಎರಡು ದಿನದ ಮಾಸಿದ ಸೀರೆಯಲ್ಲಿ, ಎಲ್ಲರೂ ನೋಡುತ್ತಿರುವಂತೆ ಹೋಗಿ ಡಬ್ಬಿ ಚಾಚಿದಳು.

"ಹಿಡೀರಿ ಅಕ್ಕಾರ."

ವಿಜಯಲಕ್ಷ್ಮಿ ಡಬ್ಬಿ ನೋಡಿದಳು, ಸುತ್ತಲಿನ ಜನರನ್ನು ನೋಡಿದಳು. "ನೀರು ಸೋರಾಕತ್ತೈತಿ," ಎಂದಳು. "ಒರಸಿ ಕೊಡ್ರಿ."

"ಒರಸೂದಿಲ್ರಿ. ನಾ ತೊಳದ ನೀರದು. ಹಿಂಗ ಹಿಡೀರಿ."

ಚಾಚಿದ ಕೈ ನೋಯತೊಡಗಿತು. ಕಾವೇರಿ ಅದನ್ನು ಇಳಿಸಲಿಲ್ಲ. ನೀರು ಇಬ್ಬರ ಕಾಲ ನಡುವೆ, ಮೆಟ್ಟಿಲ ಮೇಲೆ, ತೊಟ್ಟು ತೊಟ್ಟಾಗಿ ಬೀಳುತ್ತಿತ್ತು.